ಗ್ರೀನ್ ಕಾರ್ಡ್ ವೈದ್ಯಕೀಯ ಪರೀಕ್ಷೆಯಲ್ಲಿ ಟಿಬಿ ಪಾಸಿಟಿವ್ ಬಂದರೆ ಅರ್ಜಿ ತಿರಸ್ಕಾರವಾಗುತ್ತದೆಯೇ?

ಇಲ್ಲ, ಅಷ್ಟಕ್ಕೇ ತಿರಸ್ಕಾರವಾಗುವುದಿಲ್ಲ. ಹುಟ್ಟಿದಾಗಲೇ ಕ್ಷಯದ (ಟಿಬಿ) ಲಸಿಕೆಯಾದ ಬಿಸಿಜಿ ಹಾಕಿಸಿದ್ದಾರೆ, ಕೆಮ್ಮು ಜ್ವರ ಏನೂ ಇಲ್ಲ, ಆದರೂ ಸಿವಿಲ್ ಸರ್ಜನ್ (ವಲಸೆ ಇಲಾಖೆ ಈ ಪರೀಕ್ಷೆಗೆಂದು ಗೊತ್ತುಮಾಡಿದ ವೈದ್ಯರು) ಮಾಡಿಸಿದ ರಕ್ತಪರೀಕ್ಷೆ ಪಾಸಿಟಿವ್ ಬಂದು ಈಗ ಎಕ್ಸ್-ರೇ ತೆಗೆಸಲು ಹೇಳಿದ್ದಾರೆ ಎಂದು ಬರೆದಿದ್ದೀರಿ. ನಾನೂ ಅಮೆರಿಕದಲ್ಲಿ ಇದೇ ಹಾದಿಯಲ್ಲಿ ಬಂದವಳು. ನನ್ನ ವರದಿಯೂ ಪಾಸಿಟಿವ್ ಆಗಿತ್ತು, ಗ್ರೀನ್ ಕಾರ್ಡ್ ಸಿಕ್ಕಿತು.

ಬಿಸಿಜಿಯಿಂದಲೇ ಹೀಗಾಗಿರಬೇಕು ಎಂದು ಸ್ನೇಹಿತರು ಹೇಳಿದ ಮಾತು ಹಳೆಯ ಚರ್ಮಪರೀಕ್ಷೆಗೆ ಒಪ್ಪುತ್ತದೆ. ಮುಂಗೈಗೆ ಟ್ಯೂಬರ್‌ಕ್ಯುಲಿನ್ ಚುಚ್ಚಿ, ಎರಡು ಮೂರು ದಿನ ಬಿಟ್ಟು ಗಂಟಿನ ಅಗಲ ಅಳೆಯುವ ಆ ಪರೀಕ್ಷೆ ಲಸಿಕೆ ಹಾಕಿಸಿಕೊಂಡವರಲ್ಲಿ ತಪ್ಪು ಫಲಿತಾಂಶ ಕೊಡುವುದುಂಟು. ಅದಕ್ಕಾಗಿಯೇ 2018ರ ಅಕ್ಟೋಬರ್‌ನಿಂದ, ಅಮೆರಿಕದೊಳಗೇ ಅರ್ಜಿ ಹಾಕುವ ಎರಡು ವರ್ಷ ಮೇಲ್ಪಟ್ಟ ಎಲ್ಲರಿಗೂ ಇಗ್ರಾ ಎಂಬ ರಕ್ತಪರೀಕ್ಷೆಯನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಕಡ್ಡಾಯ ಮಾಡಿತು. ನಿಮ್ಮ ವರದಿಯಲ್ಲಿರುವ ಕ್ವಾಂಟಿಫೆರಾನ್ ಅದೇ. ಇಎಸ್‌ಎಟಿ-6 ಮತ್ತು ಸಿಎಫ್‌ಪಿ-10 ಎಂಬ ಎರಡು ಪ್ರೋಟೀನುಗಳನ್ನು ಕಂಡಾಗ ನಿಮ್ಮ ಬಿಳಿ ರಕ್ತಕಣಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ಅದು ಅಳೆಯುತ್ತದೆ. ಬಿಸಿಜಿ ಲಸಿಕೆಯಲ್ಲಿ ಆ ಪ್ರೋಟೀನುಗಳೇ ಇಲ್ಲ. ಆದ್ದರಿಂದ ಲಸಿಕೆಯ ಮೇಲೆ ಹೊರಿಸಿ ಸುಮ್ಮನಾಗಬೇಡಿ. ಎಂದೋ ಎಲ್ಲೋ ಉಸಿರಿನ ಮೂಲಕ ಕ್ಷಯದ ಬ್ಯಾಕ್ಟೀರಿಯಾ ಒಳಗೆ ಸೇರಿರುವ ಸಾಧ್ಯತೆಯೇ ಹೆಚ್ಚು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಜಗತ್ತಿನ ಸುಮಾರು ಕಾಲು ಭಾಗ ಜನರಿಗೆ ಈ ಸೋಂಕು ತಗುಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಎಕ್ಸ್-ರೇಯಲ್ಲಿ ಏನೂ ಕಾಣದಿದ್ದರೆ ನಿಮ್ಮದು ಸುಪ್ತ ಸೋಂಕು, ಅಂದರೆ ಬ್ಯಾಕ್ಟೀರಿಯಾ ಒಳಗಿದ್ದರೂ ರೋಗವಾಗಿಲ್ಲ. ಅದು ಇನ್ನೊಬ್ಬರಿಗೆ ಹರಡುವುದಿಲ್ಲ. ಸಿವಿಲ್ ಸರ್ಜನ್ ವೈದ್ಯಕೀಯ ವರದಿಯ ಐ-693 ನಮೂನೆಯಲ್ಲಿ ಅದನ್ನು ಅರ್ಜಿಗೆ ಅಡ್ಡಿಯಾಗದ 'ಬಿ' ವರ್ಗವೆಂದು ಗುರುತಿಸಿ ಸಹಿ ಹಾಕುತ್ತಾರೆ, ಆರೋಗ್ಯ ಇಲಾಖೆಗೂ ತಿಳಿಸುತ್ತಾರೆ. ಇಲಾಖೆಯಿಂದ ಕರೆ ಬಂದರೆ ಗಾಬರಿಯಾಗಬೇಡಿ, ಅವರು ಕೇಳುವುದು ಚಿಕಿತ್ಸೆಯ ವಿಚಾರ. ಎಕ್ಸ್-ರೇಯಲ್ಲಿ ಕ್ಷಯದ ಗುರುತು ಕಂಡರೆ ಮಾತ್ರ ದಾರಿ ಉದ್ದವಾಗುತ್ತದೆ. ಆಗ ಬೇರೆ ಬೇರೆ ದಿನ ಮೂರು ಬಾರಿ ಕಫ ಕೊಡಬೇಕು. ಈ ಬ್ಯಾಕ್ಟೀರಿಯಾ ಬಹಳ ನಿಧಾನವಾಗಿ ಬೆಳೆಯುವುದರಿಂದ ಕಫದಲ್ಲಿರುವುದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಕಲ್ಚರ್ ವರದಿಗೆ ಎಂಟು ವಾರ ಹಿಡಿಯಬಹುದು. ಶ್ವಾಸಕೋಶದಲ್ಲಿ ಸಕ್ರಿಯ ಕ್ಷಯ ಇದೆ ಎಂದಾದರೆ ಅದು 'ಎ' ವರ್ಗ, ಚಿಕಿತ್ಸೆ ಮುಗಿಯುವವರೆಗೆ ಅರ್ಜಿ ಮುಂದೆ ಸಾಗದು. ಆಗಲೂ ಅದು ವಿಳಂಬವೇ ಹೊರತು ಬಾಗಿಲು ಮುಚ್ಚಿದಂತಲ್ಲ.

ಸುಪ್ತ ಸೋಂಕಿಗೆ ಔಷಧಿ ತೆಗೆದುಕೊಳ್ಳಲೇಬೇಕೇ ಎಂದು ಕೇಳಿದ್ದೀರಿ. ವಲಸೆ ಕಾನೂನು ಒತ್ತಾಯಿಸುವುದಿಲ್ಲ. ನಾನು ಒತ್ತಾಯಿಸುತ್ತೇನೆ. ಕಾರ್ಡ್ ಬಂದರೆ ಸಾಕು ಎಂದು ಇದನ್ನು ಮರೆತುಬಿಡುವವರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇದು ಬೂದಿ ಮುಚ್ಚಿದ ಕೆಂಡ. ಚಿಕಿತ್ಸೆ ಪಡೆಯದವರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಜೀವಿತಾವಧಿಯಲ್ಲಿ ಯಾವಾಗಲಾದರೂ ರೋಗ ಕಾಣಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇದ್ದರೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಮುಂದೆಂದಾದರೂ ಬೇಕಾಗಿ ಬಂದರೆ ಅಪಾಯ ಇನ್ನೂ ಹೆಚ್ಚು. ಆಗ ಮೊದಲು ಅಂಟುವುದು ಒಂದೇ ಸೂರಿನಡಿ ಮಲಗುವ ಮಕ್ಕಳಿಗೆ, ವಯಸ್ಸಾದವರಿಗೆ.

ಒಂಬತ್ತು ತಿಂಗಳು ಐಸೊನಿಯಜಿಡ್ ಮಾತ್ರೆ ನುಂಗುವ ಕಾಲ ಬಹುಮಟ್ಟಿಗೆ ಮುಗಿದಿದೆ. ನಾನು ತೆಗೆದುಕೊಂಡದ್ದು ದಿನಕ್ಕೊಮ್ಮೆಯಂತೆ ನಾಲ್ಕು ತಿಂಗಳ ರಿಫಾಂಪಿನ್. ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಐಸೊನಿಯಜಿಡ್ ಮತ್ತು ರಿಫಾಪೆಂಟಿನ್ ಒಟ್ಟಿಗೆ ನುಂಗುವ ಕ್ರಮವೂ ಇದೆ. ರಿಫಾಂಪಿನ್ ಶುರುವಾದೊಡನೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಕಾಂಟ್ಯಾಕ್ಟ್ ಲೆನ್ಸ್‌ಗೂ ಕಲೆ ಹತ್ತಬಹುದು. ಅದಕ್ಕೆ ಭಯ ಬೇಡ. ಗರ್ಭನಿರೋಧಕ ಮಾತ್ರೆ ಮತ್ತು ರಕ್ತ ತೆಳುಗೊಳಿಸುವ ಕೆಲವು ಔಷಧಿಗಳ ಬಲವನ್ನು ಅದು ಕುಗ್ಗಿಸುತ್ತದೆ, ಹಾಗಾಗಿ ಈಗ ಸೇವಿಸುತ್ತಿರುವ ಪ್ರತಿಯೊಂದು ಔಷಧಿಯನ್ನೂ ವೈದ್ಯರಿಗೆ ಹೇಳಿ. ಮದ್ಯ ಬೇಡ. ಕಣ್ಣು ಹಳದಿಯಾದರೆ, ಹಸಿವು ಸತ್ತು ವಾಂತಿ ಶುರುವಾದರೆ ಮಾತ್ರೆ ನಿಲ್ಲಿಸಿ ಅಂದೇ ಫೋನ್ ಮಾಡಿ, ಯಕೃತ್ತಿಗೆ ತೊಂದರೆಯಾಗಿರಬಹುದು. ಖರ್ಚಿನ ಚಿಂತೆಯಿದ್ದರೆ ನಿಮ್ಮ ಕೌಂಟಿಯ ಆರೋಗ್ಯ ಇಲಾಖೆಯನ್ನು ಕೇಳಿ, ಹಲವು ಕಡೆ ಔಷಧಿ ಉಚಿತ.

ಮನೆಯವರ ಪರೀಕ್ಷೆ ಇನ್ನೂ ಬಾಕಿ ಎಂದಿದ್ದೀರಲ್ಲ, ಅವರಿಗೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಅಥವಾ ಚಿಕನ್‌ಪಾಕ್ಸ್ ಎನ್ನುವ ಸೀತಾಳೆ ಸಿಡುಬಿನ ಲಸಿಕೆ ಅಗತ್ಯವಿದ್ದರೆ ಟಿಬಿಯ ರಕ್ತವನ್ನು ಅದೇ ದಿನ ಕೊಡಲಿ. ಲಸಿಕೆ ಮೊದಲೇ ಆಗಿದ್ದರೆ ಕನಿಷ್ಠ ನಾಲ್ಕು ವಾರ ಕಾಯಬೇಕು, ಇಲ್ಲದಿದ್ದರೆ ಫಲಿತಾಂಶ ಏರುಪೇರಾಗಬಹುದು. 2024ರ ಡಿಸೆಂಬರ್ 2ರಿಂದ ಐ-693 ಅನ್ನು ಗ್ರೀನ್ ಕಾರ್ಡ್‌ಗೆ ಹಾಕುವ ಐ-485 ಅರ್ಜಿಯ ಜೊತೆಯಲ್ಲೇ ಸಲ್ಲಿಸಬೇಕಾಗಿರುವುದರಿಂದ ಈ ವಾರಗಳ ಲೆಕ್ಕ ಮೊದಲೇ ಇಟ್ಟುಕೊಳ್ಳಿ. ಮೊಹರು ಹಾಕಿ ಕೊಟ್ಟ ಲಕೋಟೆಯನ್ನು ಒಡೆಯಬೇಡಿ, ನಿಮಗೊಂದು ಪ್ರತಿಯನ್ನು ಬೇರೆಯಾಗಿ ಕೇಳಿ ಪಡೆಯಿರಿ.

ಚಿಕಿತ್ಸೆ ಮುಗಿದ ಮೇಲೂ ಇಗ್ರಾ ಸಾಮಾನ್ಯವಾಗಿ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಔಷಧಿ ಪೂರ್ಣಗೊಳಿಸಿದ ಪತ್ರ ಮತ್ತು ಎಕ್ಸ್-ರೇ ವರದಿಯನ್ನು ಜೋಪಾನವಾಗಿಡಿ. ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಕೆಲಸಕ್ಕೆ ಸೇರುವಾಗ ಮತ್ತೆ ಟಿಬಿ ಪರೀಕ್ಷೆ ಕೇಳಿದರೆ ಅವೇ ನಿಮ್ಮ ದಾಖಲೆ.