ಯುದ್ಧದ ಟೈಮಲ್ಲಿ ‘ಯುದ್ಧ ನಿಲ್ಲಿಸಿ’ ಅಂದರೆ ಅಪರಾಧವಾ?

ಪ್ರಶ್ನೆ: ನಮ್ಮ ಲೇಔಟಿನ ವಾಟ್ಸಾಪ್ ಗ್ರೂಪಿಗೆ ನಾನೇ ಅಡ್ಮಿನ್. 2025ರ ಮೇನಲ್ಲಿ ಆಪರೇಷನ್ ಸಿಂಧೂರ ನಡೆಯುತ್ತಿದ್ದಾಗ ಎದುರು ಮನೆ ಹುಡುಗ ‘ಎರಡೂ ಕಡೆ ಸಾಯೋದು ಬಡವರ ಮಕ್ಕಳೇ, ಸಾಕು ನಿಲ್ಲಿಸಿ’ ಅಂತ ಬರೆದ. ದೇಶದ್ರೋಹಿ, ಪಾಕಿಸ್ತಾನಕ್ಕೆ ಹೋಗು, ನಿನ್ನ ಕಂಪನಿಗೆ ಮೇಲ್ ಹಾಕ್ತೀವಿ ಅಂತ ಎಲ್ಲರೂ ಮುಗಿಬಿದ್ದರು. ಹೆದರಿ ಅವನನ್ನು ಗ್ರೂಪಿನಿಂದ ತೆಗೆದೆ. ಈಗಲೂ ಎದುರಾದರೆ ಮುಖ ತಿರುಗಿಸುತ್ತಾನೆ. ಅವನು ಬರೆದದ್ದು ತಪ್ಪಾ? ಇಂಥದ್ದನ್ನು ಎಲ್ಲಿವರೆಗೆ ಸಹಿಸಬೇಕು? ನನ್ನ ಮೇಲೂ ಕೇಸ್ ಬೀಳುತ್ತಾ? (ಸ್ಕ್ರೀನ್‌ಶಾಟ್ ಕಳಿಸಿದ್ದೇನೆ.)
ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ

ಉತ್ತರ: ಅಪರಾಧ ಅಲ್ಲ ಸರ್.

ಯುದ್ಧ ಶುರುವಾದ ಕೂಡಲೇ ಮಾತಾಡುವ ಹಕ್ಕು ಬಂದ್ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಸಂವಿಧಾನದ 358ನೇ ವಿಧಿ, ಮಾತಾಡುವ ಸ್ವಾತಂತ್ರ್ಯ ಕೊಡುವ 19ನೇ ವಿಧಿಯ ಹಕ್ಕುಗಳನ್ನು ಪಕ್ಕಕ್ಕೆ ಸರಿಸುವುದು, ಯುದ್ಧ ಇಲ್ಲವೇ ಹೊರಗಿನ ದಾಳಿಯ ಕಾರಣ ಕೊಟ್ಟು ತುರ್ತು ಪರಿಸ್ಥಿತಿ ಘೋಷಿಸಿದಾಗ ಮಾತ್ರ. 1962ರಲ್ಲಿ, 1971ರಲ್ಲಿ ಘೋಷಿಸಿದ್ದರು. ಕಾರ್ಗಿಲ್ ಹೊತ್ತಲ್ಲಿ ಇಲ್ಲ, 2025ರಲ್ಲೂ ಇಲ್ಲ. ಅಂದರೆ ಏಪ್ರಿಲ್‌ನಲ್ಲಿ ಇದ್ದ ಕಾನೂನೇ ಮೇನಲ್ಲೂ ಇತ್ತು.

ಇನ್ನು 1962ರಲ್ಲೂ ಎಲ್ಲರೂ ಬಾಯಿ ಮುಚ್ಚಿಕೊಂಡಿರಲಿಲ್ಲ. ಚೀನಾ ಸೇನೆ ನುಗ್ಗುತ್ತಿರುವಾಗಲೇ ವಾಜಪೇಯಿ ಸಂಸತ್ ಅಧಿವೇಶನ ಕರೆಯಿರಿ ಅಂತ ಪಟ್ಟು ಹಿಡಿದರು, ನೆಹರೂ ನವೆಂಬರ್ 8ಕ್ಕೆ ಕರೆದರು, ಗುಟ್ಟಾಗಿ ನಡೆಸೋಣ ಅನ್ನುವ ಸಲಹೆ ಬಂದರೆ ಬೇಡ ಅಂದರು. ಟೀಕೆಯ ಬಿಸಿಗೆ ರಕ್ಷಣಾ ಮಂತ್ರಿಯಾಗಿದ್ದ ಕೃಷ್ಣ ಮೆನನ್ ಅಷ್ಟರಲ್ಲಿ ಕುರ್ಚಿ ಬಿಟ್ಟಾಗಿತ್ತು. (ಅದೇ ದಿನಗಳಲ್ಲಿ ಚೀನಾ ಮೂಲದ ಇಲ್ಲಿಯವರನ್ನೇ ಮಕ್ಕಳುಮರಿ ಸಮೇತ ರಾಜಸ್ಥಾನದ ದೇವ್ಲಿ ಕ್ಯಾಂಪಿಗೆ ತುಂಬಿದ್ದೂ ಹೌದು. ಅದನ್ನು ಯಾರೂ ಅಷ್ಟಾಗಿ ನೆನೆಸುವುದಿಲ್ಲ.)

‘ದೇಶದ್ರೋಹ’ ಅಂತ ಬಾಯಿಗೆ ಬಂದ ಹಾಗೆ ಅಂದರೆ ಆಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 152ನೇ ಸೆಕ್ಷನ್ ಹಾಕಬೇಕಾದರೆ ದೇಶ ಒಡೆಯುವುದಕ್ಕೋ, ಶಸ್ತ್ರ ಹಿಡಿದು ಬಂಡೇಳುವುದಕ್ಕೋ, ಬುಡಮೇಲು ಕೃತ್ಯಕ್ಕೋ ಬೇಕಂತಲೇ ಇಲ್ಲವೇ ಗೊತ್ತಿದ್ದೂ ಕುಮ್ಮಕ್ಕು ಕೊಟ್ಟಿರಬೇಕು, ಇಲ್ಲವೇ ದೇಶದ ಏಕತೆ, ಸಾರ್ವಭೌಮತೆಗೆ ಅಪಾಯ ತಂದಿರಬೇಕು. ಕೊಲ್ಹಾಪುರದ ಪ್ರೊಫೆಸರ್ ಒಬ್ಬರು ವಾಟ್ಸಾಪ್ ಸ್ಟೇಟಸ್ಸಿನಲ್ಲಿ 370ನೇ ವಿಧಿ ರದ್ದತಿಯನ್ನು ಟೀಕಿಸಿದ್ದರು, ಪಾಕಿಸ್ತಾನಕ್ಕೆ ಸ್ವಾತಂತ್ರ್ಯ ದಿನದ ಶುಭಾಶಯವನ್ನೂ ಹೇಳಿದ್ದರು. ಅವರ ಮೇಲಿದ್ದದ್ದು ದೇಶದ್ರೋಹದ ಕೇಸಲ್ಲ, ದ್ವೇಷ ಹರಡಿದ ಆರೋಪದ್ದು; ಅದನ್ನೂ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅದರ ಮುಂದೆ ನಿಮ್ಮ ಹುಡುಗ ಬರೆದದ್ದು ಏನೇನೂ ಅಲ್ಲ.

ಆದರೆ ಕಾನೂನು ಪರವಾಗಿದೆ ಅಂದಮಾತ್ರಕ್ಕೆ ಪೊಲೀಸರು ಬರುವುದೇ ಇಲ್ಲ ಅಂತ ನಾನು ಹೇಳಲಾರೆ. ಅದೇ ಮೇನಲ್ಲಿ ಪುಣೆಯ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿನಿ ಯಾರದೋ ಪೋಸ್ಟ್ ಹಂಚಿಕೊಂಡು, ಆಮೇಲೆ ಅಳಿಸಿ, ಕ್ಷಮೆ ಕೇಳಿದರೂ ಜೈಲು ಸೇರಿದಳು. ಪರೀಕ್ಷೆ ಬರೆಯೋಕೆ ಬಾಂಬೆ ಹೈಕೋರ್ಟೇ ಬಿಡಿಸಬೇಕಾಯಿತು.

ಈಗ ನಿಮ್ಮ ಸ್ಕ್ರೀನ್‌ಶಾಟಿಗೆ ಬರುತ್ತೇನೆ. ಹುಡುಗನ ಮೆಸೇಜಿಗಿಂತ ಸ್ವಲ್ಪ ಮೇಲೆ ಒಂದು ವಿಡಿಯೋ ಇದೆ, ನೋಡಿದ್ರಾ? ಮಿಲಿಟರಿ ಟ್ರಕ್‌ಗಳು ಹೈವೇಯಲ್ಲಿ ಸಾಲಾಗಿ ಹೋಗುತ್ತಿವೆ, ಹಿಂದೆ ಟೋಲ್ ಗೇಟಿನ ಬೋರ್ಡು ಓದಿಕೊಳ್ಳುವಷ್ಟು ಸ್ಪಷ್ಟ. ಕೆಳಗೆ ಸಾಲು ಸಾಲು ಬಾವುಟ, ಕೈ ಮುಗಿದ ಇಮೋಜಿ. ಹಾಕಿದವರು ಯಾರು ಅಂದರೆ, ಹುಡುಗನನ್ನು ಮೊದಲು ದೇಶದ್ರೋಹಿ ಅಂದವರೇ! ಸೇನೆಯ ಓಡಾಟವನ್ನು ಲೈವ್ ತೋರಿಸಬೇಡಿ ಅಂತ ಮೇ 9ರಂದು ರಕ್ಷಣಾ ಸಚಿವಾಲಯ ಟೀವಿಯವರಿಗಷ್ಟೇ ಅಲ್ಲ, ಸಾಮಾನ್ಯ ಜನರಿಗೂ ಹೇಳಿತ್ತು. ಕಾರ್ಗಿಲ್, ಕಂದಹಾರ್ ವಿಮಾನ ಅಪಹರಣ, ಮುಂಬೈ ದಾಳಿಯ ಉದಾಹರಣೆಯನ್ನೂ ಕೊಟ್ಟಿತ್ತು. ಇನ್ನೊಂದು ಸ್ಕ್ರೀನ್‌ಶಾಟಿನಲ್ಲಿ ‘ಕರಾಚಿ ಬಂದರು ಭಸ್ಮ’ ಇದೆ. ಕೆಲವು ಚಾನೆಲ್‌ಗಳೂ ಹಾಗೇ ಕೂಗಿದ್ದವು, ಸುಳ್ಳು. ಯುದ್ಧದ ಹೊತ್ತಲ್ಲಿ ಸಹಿಸಬಾರದ್ದು ಇವು. ಜೊತೆಗೆ ‘ಇಂಥವರ ಅಂಗಡಿಗೆ ಹೋಗಬೇಡಿ, ಸಿಕ್ಕಲ್ಲಿ ಬಾರಿಸಿ’ ಅನ್ನುವ ಮಾತು. ‘ಯುದ್ಧ ಬೇಡ’ ಅನ್ನುವವನ ಜೊತೆ ಬೇಕಾದರೆ ಜಗಳ ಆಡಿ, ಎಷ್ಟು ಬೇಕಾದರೂ ಆಡಿ, ಅವನ ಅನ್ನಕ್ಕೆ ಕಲ್ಲು ಹಾಕೋಕೆ ಹೋಗಬೇಡಿ.

ನಿಮ್ಮ ಭಯದ ವಿಷಯ. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನೀವೇ ಅದಕ್ಕೆ ಕೈಜೋಡಿಸಿದ್ದರೆ ಮಾತ್ರ ಬೇರೆ ಮಾತು. ಹುಡುಗನನ್ನು ತೆಗೆದದ್ದಕ್ಕೂ ಕೇಸ್ ಆಗುವುದಿಲ್ಲ, ಆದರೆ ಬೈದವರೆಲ್ಲ ಉಳಿದು ಬೈಸಿಕೊಂಡವನೊಬ್ಬನೇ ಹೊರಗೆ ಹೋದ, ಅಲ್ವಾ? ಎದುರು ಮನೆ ತಾನೇ, ಒಂದು ಸಂಜೆ ಹೋಗಿ ಮಾತಾಡಿಸಿ, ಆಮೇಲೆ ಸೇರಿಸಿ. ಹೋಗುವ ಮೊದಲು ನಿಮ್ಮ ಫೋನಿನ ಗ್ಯಾಲರಿ ನೋಡಿಕೊಳ್ಳಿ. ಆ ಟ್ರಕ್ ವಿಡಿಯೋ ಅಲ್ಲೇ ಕೂತಿರುತ್ತದೆ.