ಬಳಸದ ಕನೆಕ್ಟರ್‌ಗಳನ್ನು ಅಳಿಸಬಹುದಾ?

ಪ್ರಶ್ನೆ: ಕಪನೂರಿನಲ್ಲಿ ನಮ್ಮದು ಎಸಿ ಗಾಳಿ ಸಾಗಿಸುವ ತಗಡಿನ ಡಕ್ಟ್ ತಯಾರಿಸುವ ವರ್ಕ್‌ಶಾಪ್. ತಗಡು ಕತ್ತರಿಸಲು ಬಳಸುವ ಕ್ಯಾಮ್‌ಡಕ್ಟ್ ಸಾಫ್ಟ್‌ವೇರಿನ ಡೇಟಾಬೇಸ್‌ನಲ್ಲಿ ಬಳಸದ ಕನೆಕ್ಟರ್ (ಡಕ್ಟಿನ ತುದಿಗಳ ಜೋಡಣೆ), ಸೀಮ್‌ಗಳೇ (ಉದ್ದದ ಅಂಚಿನ ಜೋಡಣೆ) ಜಾಸ್ತಿ. ಹುಡುಗರು ತಪ್ಪಾಗಿ ಆರಿಸುತ್ತಾರೆ. ಎಲ್ಲ ಅಳಿಸಿಬಿಡಲೇ ಸರ್?
– ಓದುಗ, ಕಲಬುರಗಿ

ಉತ್ತರ: ಅವಸರ ಬೇಡ. ಮೊದಲು ಡೇಟಾಬೇಸ್ ಫೋಲ್ಡರನ್ನು ಪೂರ್ತಿ ಬೇರೆ ಡ್ರೈವ್‌ಗೆ ಕಾಪಿ ಮಾಡಿ. ನೀವು ಬಳಸದ ಹೆಸರನ್ನು ಯಾವುದೋ ಹಳೆ ಐಟಂ ಫೈಲ್ (ಒಂದು ಡಕ್ಟ್ ಭಾಗದ ಫೈಲ್) ಅಥವಾ ಸ್ಪೆಸಿಫಿಕೇಶನ್ (ತಗಡಿನ ದಪ್ಪ, ಜೋಡಣೆಯ ನಿಯಮಗಳ ಪಟ್ಟಿ) ಹಿಡಿದುಕೊಂಡಿರಬಹುದು. ಡಕ್ಟಿನ ತುದಿಯ ತಗಡನ್ನೇ ಮಡಿಸಿ ಫ್ಲ್ಯಾಂಜ್ (ಜೋಡಣೆಯ ಪಟ್ಟಿ) ಮಾಡುವ ಟಿಡಿಎಫ್ ಕನೆಕ್ಟರ್ ಅಳಿಸಿದಿರಿ ಅನ್ನಿ. ಅದನ್ನೇ ನಂಬಿದ ಎಲ್ಬೋಗೆ (ಡಕ್ಟಿನ ತಿರುವು) ಫ್ಲ್ಯಾಂಜ್ ಮಡಿಸಲು ಬೇಕಾದ ಅಂಚು ಸಿಗದೆ ಹೋಗಬಹುದು. ಮಷಿನ್ ತಗಡನ್ನು ಗಿಡ್ಡವಾಗಿ ಕತ್ತರಿಸಿದರೆ ಆ ಜಿಐ ಶೀಟು ಗುಜರಿಗೇ ಅಲ್ವಾ? ನಾನಾದರೆ ಕಾಪಿಯಲ್ಲೇ ಒಂದೊಂದಾಗಿ ಅಳಿಸುತ್ತೇನೆ. ಪ್ರತಿ ಸಲ ಎಲ್ಬೋ, ಟೀ, ರೆಡ್ಯೂಸರ್ ತೆರೆದು ತಗಡಿನ ಮೇಲೆ ಚಪ್ಪಟೆಯಾಗಿ ಬಿಚ್ಚಿದ ಆಕಾರದ ಅಂಚು ನೋಡುತ್ತೇನೆ. ಅಳತೆ ಬದಲಾಗದಿದ್ದರೆ ಮಾತ್ರ ಮುಖ್ಯ ಡೇಟಾಬೇಸ್‌ಗೆ ಕೈಹಾಕಿ.