ಸಂಪಾದಕರ ಉತ್ತರ: ಗ್ಯಾಲರಿ ಮೊದಲೋ, ನೋಡುಗರು ಮೊದಲೋ?

ಮಾನ್ಯರೇ,

ಸಮಕಾಲೀನ ಕಲಾವಿದರನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ನೀವು ಗುಬ್ಬಿ ಗೇಟಿನಿಂದ ಬರೆದ ದೀರ್ಘ ಪತ್ರ ತಲುಪಿದೆ. ತುಮಕೂರಿನಿಂದ ಹೊರಡುವ ಪತ್ರಿಕೆಯೊಂದು ದೇಶವಿದೇಶಗಳಲ್ಲಿ ಹೆಸರಾದ ಶೀಲಾ ಗೌಡ, ಎನ್.ಎಸ್. ಹರ್ಷ ಅವರಂಥವರಿಗೆ ಪುಟಗಟ್ಟಲೆ ಜಾಗ ಕೊಟ್ಟು, ಊರಿನ ಕಲಾವಿದರನ್ನು ಮರೆತಿದೆ ಎಂಬುದು ನಿಮ್ಮ ಮೊದಲ ಆಕ್ಷೇಪ. ಆ ಲೇಖನದಲ್ಲಿ ವಿವರಿಸಿದ ಕೃತಿಗಳು ನಮ್ಮ ಜನರಿಗೆ ಅರ್ಥವಾಗುವಂಥವಲ್ಲ ಎಂಬುದು ಎರಡನೆಯದು. ಕೊನೆಗೆ, ನಗರಕ್ಕೊಂದು ಸುಸಜ್ಜಿತ ಆರ್ಟ್ ಗ್ಯಾಲರಿ ಬೇಕೆಂದು ಪತ್ರಿಕೆ ದನಿ ಎತ್ತಬೇಕೆಂದು ಒತ್ತಾಯಿಸಿದ್ದೀರಿ.

ಎರಡನೆಯ ಆಕ್ಷೇಪದಿಂದ ತೊಡಗುತ್ತೇನೆ, ಏಕೆಂದರೆ ಅದನ್ನು ನಾನು ಸ್ವಲ್ಪವೂ ಒಪ್ಪಲಾರೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 2009ರ ವೆನಿಸ್ ಬಿನಾಲೆಯಲ್ಲಿ (ಎರಡು ವರ್ಷಕ್ಕೊಮ್ಮೆ ನಡೆಯುವ ಅಂತಾರಾಷ್ಟ್ರೀಯ ಕಲಾಪ್ರದರ್ಶನದಲ್ಲಿ) ಪ್ರದರ್ಶಿಸಿದ ‘ಬಿಹೋಲ್ಡ್’ ಎಂಬ ಕೃತಿಯಲ್ಲಿ ಇರುವುದು ಎರಡೇ ವಸ್ತು: ಕಾರಿನ ಬಂಪರುಗಳು ಮತ್ತು ಮನುಷ್ಯರ ಕೂದಲಿನಿಂದ ಹೊಸೆದ, ಸುಮಾರು 4 ಕಿಲೋಮೀಟರ್ ಉದ್ದದ ಹಗ್ಗ. ದೃಷ್ಟಿಯಾಗದಿರಲಿ ಎಂದು ಗಾಡಿಯ ಬಂಪರಿಗೆ ಕೂದಲ ಹಗ್ಗ ಸುತ್ತುವ ನಮ್ಮ ಕಡೆಯ ರೂಢಿಯೇ ಅದರ ಮೂಲ. ದೇವಸ್ಥಾನದಲ್ಲಿ ಮುಡಿ ಕೊಟ್ಟವರ ಹರಕೆ, ಗಾಡಿ ಹೊರಟವನ ಭಯ, ಭಾರವಾದ ಉಕ್ಕನ್ನು ಎತ್ತಿ ಹಿಡಿದಿರುವ ಹಗುರವಾದ ಕೂದಲು, ಇವನ್ನು ವಿವರಿಸಲು ವೆನಿಸ್ಸಿನಲ್ಲಿ ಫಲಕ ಬೇಕಾಗಿರಬಹುದು, ಬಿ.ಎಚ್. ರಸ್ತೆಯ ಲಾರಿ ಚಾಲಕನಿಗೆ ಬೇಕಾಗಲಾರದು. ಹರ್ಷ ಅವರದೂ ಹಾಗೆಯೇ. 2006ರ ಸಿಂಗಪುರ ಬಿನಾಲೆಗಾಗಿ ಅವರು ಅಲ್ಲಿನ ಕೃಷ್ಣ ದೇವಸ್ಥಾನವೊಂದರ ಚಾವಣಿಗೆ ಮಲಗಿ ನಿದ್ರಿಸುತ್ತಿರುವ ಜನರ ಚಿತ್ರ ಬರೆದರು. ದೇವಸ್ಥಾನದಲ್ಲಿ ಕತ್ತೆತ್ತಿ ಚಿತ್ರ ನೋಡುವುದು ನಮಗೆ ಹೊಸತೇ? ಶಿರಾ ರಸ್ತೆಯ ಸೀಬಿ ನರಸಿಂಹಸ್ವಾಮಿ ದೇವಸ್ಥಾನದಲ್ಲಿ, ಟಿಪ್ಪುವಿನ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಕಚೇರಿ ಕೃಷ್ಣಪ್ಪನ ಮಕ್ಕಳು ಬರೆಸಿದ ಚಾವಣಿ ಚಿತ್ರಗಳಿವೆ. ಪುರಾಣದ ಪ್ರಸಂಗಗಳ ಜೊತೆಗೆ ಅಲ್ಲಿ ದರ್ಬಾರಿನ ದೃಶ್ಯಗಳೂ ಇವೆ. ಅಂದರೆ ಆ ಚಿತ್ರಕಾರರು ತಮ್ಮ ಕಾಲದ ರಾಜಕೀಯವನ್ನು ದೇವರ ತಲೆಯ ಮೇಲೆಯೇ ಬರೆದರು. ಅವರು ಅವರ ಕಾಲಕ್ಕೆ ಸಮಕಾಲೀನರೇ ಆಗಿದ್ದರು.

ಬಾಳಿಕೆ ಬಾರದ ವಸ್ತುವಿನಲ್ಲಿ ಮಾಡಿ, ಪ್ರದರ್ಶನ ಮುಗಿದ ಮೇಲೆ ಕಳಚಿಹಾಕುವುದು ಎಂಥ ಕಲೆ ಎಂದೂ ಕೇಳಿದ್ದೀರಿ. ನಿಮ್ಮ ಮನೆಯಿಂದ ಗೂಳೂರಿಗೆ ಎಷ್ಟು ದೂರ? ಅಲ್ಲಿನ ಮಹಾಗಣಪತಿಯ ಮೂರ್ತಿಯ ಕೆಲಸ ಚೌತಿಯಂದು ಕೆರೆಯ ಮಣ್ಣಿನಿಂದ ಆರಂಭವಾಗಿ ದೀಪಾವಳಿಯವರೆಗೆ ನಡೆಯುತ್ತದೆ. ಬಲಿಪಾಡ್ಯಮಿಯಿಂದ ತಿಂಗಳ ಕಾಲ ಪೂಜೆ, ಆಮೇಲೆ ವಿಸರ್ಜನೆ. ಹದಿನೆಂಟು ಕೋಮಿನವರೂ ಕೈಹಾಕುವ ಆ ಕೆಲಸವನ್ನು ನೋಡಲೆಂದೇ ನಡುನಡುವೆ ಹೋಗಿಬರುವವರಿದ್ದಾರೆ. ಈ ವಾರ ಹೊಟ್ಟೆ ಎದ್ದಿದೆ, ಸೊಂಡಿಲಿಗೆ ಇನ್ನೂ ಮಣ್ಣು ಮೆತ್ತಬೇಕು, ಹೋದ ವರ್ಷದ ಮುಖಕಳೆ ಈ ಸಲ ಬಂದಿಲ್ಲ ಎಂದು ಅವರು ಆಡುವ ಮಾತು ಅಪ್ಪಟ ಕಲಾವಿಮರ್ಶೆ. ಪೂಜೆ ಬೇರೆ, ಪ್ರದರ್ಶನ ಬೇರೆ ಎಂದು ನೀವು ಹೇಳಬಹುದು, ಅದು ಸರಿ. ಆದರೆ ನೋಡುವ ಕಣ್ಣು ನಮ್ಮವರಿಗಿಲ್ಲ ಎಂಬ ಮಾತು ಮಾತ್ರ ನಿಲ್ಲುವುದಿಲ್ಲ.

ಇನ್ನು ಊರಿನ ಕಲಾವಿದರ ವಿಷಯ. ತುಮಕೂರಿನಲ್ಲಿ ಚಿತ್ರ ಬರೆಯುವವರಿಗೆ ಕೊರತೆಯಿಲ್ಲ. ಅವರಲ್ಲಿ ಬಹಳ ಮಂದಿ ಪ್ರೌಢಶಾಲೆಗಳ ಡ್ರಾಯಿಂಗ್ ಮೇಷ್ಟ್ರುಗಳು. ಹಗಲೆಲ್ಲ ಮಕ್ಕಳನ್ನು ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಸಿದ್ಧಪಡಿಸಿ, ಶಾಲೆಯ ಗೋಡೆಗೆ ನಕಾಶೆಯನ್ನೂ ರಾಷ್ಟ್ರನಾಯಕರನ್ನೂ ಬರೆದು, ತಮ್ಮದೇ ಚಿತ್ರಕ್ಕೆ ಭಾನುವಾರವನ್ನು ಉಳಿಸಿಕೊಂಡವರು. ಬೋರ್ಡು ಬರೆದು ಬದುಕುತ್ತಿದ್ದವರ ಅನ್ನವನ್ನು ಫ್ಲೆಕ್ಸ್ ಕಸಿದುಕೊಂಡಿತು. ರಾಜ್ಯ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದರೂ ಕುಂಚಕ್ಕೆ ಹಳೆಯ ಕೆಲಸ ಮರಳಿ ಬರಲಿಲ್ಲ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳಿಗೆ ಪರದೆ ಬರೆಯುತ್ತಿದ್ದವರ ಪರಂಪರೆಯಂತೂ ಈ ಜಿಲ್ಲೆಯ ಚಿತ್ರಕಲೆಯ ಚರಿತ್ರೆಯಲ್ಲಿ ಪ್ರತ್ಯೇಕ ಅಧ್ಯಾಯವಾಗಬೇಕು. ಅದರ ಬಗ್ಗೆ ಮುಂದೆ ಬರೆಸುವ ಇರಾದೆ ಇದೆ.

ಹಾಗಿದ್ದರೆ ಇವರ ಬಗ್ಗೆ ಬರೆಯಲು ನಮಗೇನು ಅಡ್ಡಿ? ಒಂದು ಪ್ರದರ್ಶನ ಇಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಹೇಳಿದರೆ ಉತ್ತರ ತಾನಾಗಿ ಸಿಗುತ್ತದೆ. ಬಾಡಿಗೆ ಹಿಡಿದ ಸಭಾಂಗಣದ ಗೋಡೆಗೆ ಮೊಳೆ ಹೊಡೆಯಲು ಅನುಮತಿಯಿಲ್ಲದ ಕಾರಣ ಚಿತ್ರಗಳು ನೈಲಾನ್ ದಾರದಲ್ಲಿ ತೂಗಾಡುತ್ತಿರುತ್ತವೆ. ಚೌಕಟ್ಟಿನ ಗಾಜಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬವೇ ಚಿತ್ರಕ್ಕಿಂತ ಚೆನ್ನಾಗಿ ಕಾಣುತ್ತದೆ. ಉದ್ಘಾಟಕರು ತಡವಾಗಿ ಬರುತ್ತಾರೆ, ದೀಪ ಬೆಳಗುತ್ತಾರೆ, ಹಾರ ಶಾಲು ಆದ ಮೇಲೆ ಸಾಲು ಚಿತ್ರಗಳ ಮುಂದೆ ನಡೆಯುತ್ತಲೇ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಅವರ ಹಿಂದೆಯೇ ಸಭಿಕರೂ ಕಾಫಿಗೆ ಹೋಗುತ್ತಾರೆ. ಉಳಿದ ಎರಡು ದಿನ ಕಲಾವಿದ ಒಬ್ಬನೇ ಕುರ್ಚಿಯಲ್ಲಿ ಕೂತಿರುತ್ತಾನೆ. ಬಾಗಿಲ ಬಳಿಯ ಅಭಿಪ್ರಾಯ ಪುಸ್ತಕವನ್ನು ತೆರೆದು ನೋಡಿ: ‘ತುಂಬಾ ಚೆನ್ನಾಗಿದೆ’, ‘ಶುಭವಾಗಲಿ’, ‘ಇನ್ನೂ ಎತ್ತರಕ್ಕೆ ಬೆಳೆಯಿರಿ’. ಯಾವ ಚಿತ್ರ, ಏಕೆ ಹಿಡಿಸಿತು, ಎಲ್ಲಿ ಕೈ ತಪ್ಪಿದೆ ಎಂಬ ಒಂದು ಸಾಲೂ ಇರುವುದಿಲ್ಲ. ನಮ್ಮ ಕಚೇರಿಗೆ ಬರುವ ವರದಿಗಳೂ ಅತಿಥಿಗಳ ಹೆಸರಿನಲ್ಲೇ ಮುಗಿದುಹೋಗುತ್ತವೆ. ಇಂಥ ವರದಿಗಳನ್ನು ಪ್ರಕಟಿಸದಿರುವುದು ಊರಿನ ಕಲಾವಿದರ ಮೇಲಿನ ತಾತ್ಸಾರದಿಂದಲ್ಲ.

ಆದ್ದರಿಂದಲೇ ಗ್ಯಾಲರಿ ಕಟ್ಟಡಕ್ಕಾಗಿ ಮೊದಲು ಹೋರಾಡೋಣ ಎಂಬ ನಿಮ್ಮ ಮಾತಿಗೆ ನಾನು ಕೂಡಲೇ ದನಿಗೂಡಿಸಲಾರೆ. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೇಲೆ ಕಟ್ಟಡ ಕಟ್ಟುವುದು ನಮಗೆ ಕಷ್ಟವಾಗಿ ಉಳಿದಿಲ್ಲ. ಕಟ್ಟಿದ್ದರೊಳಗೆ ಜನ ಬರುವಂತೆ ಮಾಡುವುದೇ ಕಷ್ಟ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ಒಪ್ಪಿಸುವ ಸರ್ಕಾರದ ನಡೆಯನ್ನು ವಿರೋಧಿಸಿ 2016ರಲ್ಲಿ ಕಲಾವಿದರು ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಚಳಿಗಾಲದ ಒಂದು ಭಾನುವಾರ ಚಿತ್ರಸಂತೆಗೆ ಹೋಗಿಬರುವವರ ಬಲದಿಂದ ಅಂಥ ಹೋರಾಟ ಹುಟ್ಟುವುದಿಲ್ಲ. ಆ ಚಿತ್ರಶಾಲೆಯಲ್ಲಿ ಕಡಿಮೆ ಬಾಡಿಗೆಗೆ ತಮ್ಮ ಮೊದಲ ಪ್ರದರ್ಶನ ಮಾಡಿದವರು, ವಿದ್ಯಾರ್ಥಿಗಳಾಗಿದ್ದಾಗ ಅಲ್ಲೇ ಗಂಟೆಗಟ್ಟಲೆ ಕಳೆದವರು ಆ ಕಟ್ಟಡವನ್ನು ತಮ್ಮದೆಂದು ತಿಳಿದಿದ್ದರು. ನಮ್ಮಲ್ಲಿ ನಾಳೆಯೇ ಒಂದು ಗ್ಯಾಲರಿ ಎದ್ದು, ಮರುವರ್ಷ ಅದು ಮದುವೆಯ ಆರತಕ್ಷತೆಗೆ ಬಾಡಿಗೆಗೆ ಸಿಗುವಂತಾದರೆ ಪ್ರತಿಭಟಿಸಲು ಎಷ್ಟು ಮಂದಿ ಬಂದಾರು?

ಈಗಿರುವ ಯಾವುದಾದರೂ ಸಾರ್ವಜನಿಕ ಕಟ್ಟಡದ, ಗ್ರಂಥಾಲಯದ್ದಾದರೂ ಸರಿ ಕಾಲೇಜಿನದ್ದಾದರೂ ಸರಿ, ಜನ ದಿನವೂ ಓಡಾಡುವ ಒಂದು ಗೋಡೆಯಲ್ಲಿ ಒಬ್ಬ ಕಲಾವಿದರ ನಾಲ್ಕೈದು ಕೃತಿಗಳು ಮೂರು ದಿನವಲ್ಲ, ಒಂದಿಡೀ ತಿಂಗಳು ಇರಬೇಕು. ಉದ್ಘಾಟನೆ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಚಿತ್ರದ ಬೆಲೆಯನ್ನು ಪಕ್ಕದಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಹೊಸ ಮನೆಯ ಪಡಸಾಲೆಗೆ ಮುದ್ರಿತ ಜಲಪಾತವನ್ನು ಕೊಳ್ಳುವವರಿಗೆ, ಅಂಥದೇ ಹಣಕ್ಕೆ ಊರಿನ ಕಲಾವಿದರ ಸಣ್ಣ ಜಲವರ್ಣ ಚಿತ್ರವೊಂದು ಸಿಗಬಹುದು ಎಂಬುದೇ ಬಹಳ ಸಲ ಗೊತ್ತಿರುವುದಿಲ್ಲ.

ಪತ್ರಿಕೆ ಮಾಡಬಹುದಾದದ್ದನ್ನು ಮುಂದಿನ ಸಂಚಿಕೆಯಿಂದಲೇ ಮಾಡುತ್ತೇವೆ. ಪ್ರತಿ ತಿಂಗಳು ಒಂದು ಪುಟವನ್ನು ಜಿಲ್ಲೆಯ ಕಲಾವಿದರೊಬ್ಬರ ಒಂದೇ ಒಂದು ಕೃತಿಗೆ ಮೀಸಲಿಡುತ್ತೇವೆ. ಬರೆಯುವವರು ಆ ಕೃತಿಯನ್ನು ಎದುರಿಗೆ ನಿಂತು ಎರಡು ಬಾರಿಯಾದರೂ ನೋಡಿರಬೇಕು, ಕಲಾವಿದರ ನೆಂಟರೋ ಶಿಷ್ಯರೋ ಆಗಿರಬಾರದು. ಸನ್ಮಾನ, ಪ್ರಶಸ್ತಿಗಳ ಪಟ್ಟಿಗೆ ಅಲ್ಲಿ ಜಾಗವಿಲ್ಲ. ಬರೆದವರಿಗೆ ಸಂಭಾವನೆ ಉಂಟು, ಚಿತ್ರ ಮುದ್ರಿಸಿದ್ದಕ್ಕೆ ಕಲಾವಿದರಿಗೂ ಉಂಟು. ನಿಮ್ಮ ಪತ್ರದಲ್ಲಿ ನೀವು ಮೆಚ್ಚಿ ವರ್ಣಿಸಿರುವ, ಅಮಾನಿಕೆರೆಯ ಏರಿಯನ್ನು ಕುರಿತ ಆ ಎಣ್ಣೆವರ್ಣದ ಚಿತ್ರದ ಬಗ್ಗೆ ಮೊದಲ ಬರಹವನ್ನು ನೀವೇ ಬರೆದುಕೊಡುವಿರಾದರೆ, ಈ ತಿಂಗಳ 20ರೊಳಗೆ, 600 ಪದಗಳನ್ನು ಮೀರದಂತೆ ಕಳುಹಿಸಿಕೊಡಿ.

ಸಂಪಾದಕ